ಕೆಂಪು ಚುಕ್ಕೆಯ ಬೆನ್ನು ಹತ್ತಿ ಸಿಂಗಪುರಕ್ಕೆ

ಚಾಂಗಿ

ಚಾಂಗಿ ವಿಮಾನ ನಿಲ್ದಾಣದ ನೆಲ ಎಷ್ಟು ನುಣುಪು ಎನ್ನುವುದು ನನಗಿಂತ ಮೊದಲು ನನ್ನ ಐನೂರು ಗುಂಡಿಗಳಿಗೆ ಗೊತ್ತಾಯಿತು. ಕಸ್ಟಮ್ಸ್ ಅಧಿಕಾರಿ ನನ್ನ ಕೈಚೀಲದಿಂದ ಬಿಳಿ ಬಟ್ಟೆಯ ಗಂಟೊಂದನ್ನು ಎತ್ತಿ ಮೇಜಿನ ಮೇಲಿಟ್ಟು ಇದೇನು ಎಂದು ಕೇಳಿದ.

‘ಐರನ್ ಬಾಕ್ಸ್’ ಎಂದೆ.

ಅವನು ಗಂಟನ್ನು ನೋಡಿದ, ನನ್ನನ್ನು ನೋಡಿದ. ‘ಐರನ್ ಬಾಕ್ಸ್ ಎಲ್ಲಿದೆ?’

‘ಅದು ನಿಮ್ಮ ಊರಲ್ಲೇ ಇದೆ. ಇದು ಅದರ ಗುಂಡಿ.’

ಇಂಥ ಉತ್ತರ ಕೊಟ್ಟವರ ಗಂಟನ್ನು ಯಾವ ಅಧಿಕಾರಿ ತಾನೇ ಬಿಚ್ಚದೆ ಬಿಟ್ಟಾನು? ನನ್ನ ಅತ್ತೆ ಮೂರು ಗಂಟು ಬಿಗಿದಿದ್ದರು. ಎರಡನ್ನು ಉಗುರಿನಿಂದ ಬಿಡಿಸಿದವನು ಮೂರನೆಯದಕ್ಕೆ ತಾಳ್ಮೆಗೆಟ್ಟು ಎಳೆದ. ಮುಂದಿನ ಕ್ಷಣದಲ್ಲಿ ಇಸ್ತ್ರಿಪೆಟ್ಟಿಗೆಯ ಶಾಖ ಹೆಚ್ಚುಕಡಿಮೆ ಮಾಡುವ ಐನೂರು ಬಿಳಿ ಗುಂಡಿಗಳು ಮೇಜಿನಿಂದ ಧುಮುಕಿ, ನಿಲ್ದಾಣದ ನಾಲ್ಕು ದಿಕ್ಕಿಗೂ ಉರುಳಿಕೊಂಡು ಹೋದವು. ನಾನು ಸೀರೆ ಎತ್ತಿ ಕಟ್ಟಿ ಅವುಗಳ ಹಿಂದೆ ಓಡಿದೆ. ಸೂಟು ಹಾಕಿದ ಬಿಳಿಯನೊಬ್ಬ ಮಂಡಿಯೂರಿ ಹೆಕ್ಕತೊಡಗಿದ. ತಲೆಗೆ ವಸ್ತ್ರ ಸುತ್ತಿದ ಮಲಯ್ ಹೆಂಗಸೊಬ್ಬರು ಮಡಿಲು ತುಂಬ ತಂದು ಸುರಿದರು. ಯಾರೂ ಯಾಕೆ ಏನು ಎಂದು ಕೇಳಲಿಲ್ಲ. ನಮ್ಮ ಮೈಸೂರು ಬಸ್ ಸ್ಟ್ಯಾಂಡಿನಲ್ಲಾಗಿದ್ದರೆ ಹೆಕ್ಕುವವರಷ್ಟೇ ಜನ ಸುತ್ತ ನಿಂತು ಹೇಗೆ ಹೆಕ್ಕಬೇಕೆಂದು ಹೇಳುತ್ತಿದ್ದರು. ಇಲ್ಲಿ ಸಲಹೆಯೇ ಇಲ್ಲದೆ ಕೆಲಸ ನಡೆದದ್ದು ನನಗೆ ಕೊಂಚ ಖಾಲಿ ಖಾಲಿ ಎನಿಸಿತು.

ಎಣಿಸಿದರೆ ನಾನೂರ ತೊಂಬತ್ತೊಂಬತ್ತು. ಉಳಿದ ಒಂದಕ್ಕೆ ಅಧಿಕಾರಿಯೂ ನಾನೂ ಕಾಲು ಗಂಟೆ ಬಗ್ಗಿ ಹುಡುಕಿದೆವು. ಅದು ಅವನ ಪ್ಯಾಂಟಿನ ತುದಿಯ ಮಡಿಕೆಯಲ್ಲಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ನಮ್ಮಲ್ಲಿ ಪ್ರಸಾದ ಕೊಡುವ ಹಾಗೆ ಕೊಟ್ಟ.

ಈ ಗುಂಡಿಗಳ ಪುರಾಣ ಹೇಳದೆ ಮುಂದೆ ಹೋಗುವಂತಿಲ್ಲ. ಮೈಸೂರಿನ ಮೇಟಗಳ್ಳಿಯಲ್ಲಿ ನಮ್ಮದೊಂದು ಶೆಡ್ಡು. ಮೂರು ಮೋಲ್ಡಿಂಗ್ ಮಷೀನು, ಒಂಬತ್ತು ಜನ. ಮಾವನವರ ಕಾಲದಲ್ಲಿ ರೇಡಿಯೊ ಗುಂಡಿ ಮಾಡುತ್ತಿದ್ದೆವು. ಶೆಡ್ಡು ನನ್ನ ಕೈಗೆ ಬಂದ ಕೆಲವು ವರ್ಷಗಳಲ್ಲೇ ತೊಂಬತ್ತರ ದಶಕವೂ ಬಂತು, ದೇಶದ ಬಾಗಿಲು ತೆರೆಯಿತು, ಹೊರದೇಶದ ಟೇಪ್ ರೆಕಾರ್ಡರುಗಳು ಒಳನುಗ್ಗಿ ನಮ್ಮ ರೇಡಿಯೊ ಗುಂಡಿಯನ್ನು ಕೇಳುವವರೇ ಇಲ್ಲವಾದರು. ಅದೇ ಬಾಗಿಲಿನಿಂದ ಯೂರೋಪಿನ ಒಂದು ದೊಡ್ಡ ಕಂಪನಿಯೂ ಬೆಂಗಳೂರಿಗೆ ಬಂದು ಇಸ್ತ್ರಿಪೆಟ್ಟಿಗೆ ಮಾಡಲು ಕೂತಿತು. ಗುಂಡಿ ಮಾಡಿಕೊಡಿ ಎಂದು ನಮ್ಮನ್ನು ಕೇಳಿತು. ಸ್ಯಾಂಪಲ್ ಪಾಸಾಗಬೇಕಾದದ್ದು ಮಾತ್ರ ಅವರ ಸಿಂಗಪುರದ ಲ್ಯಾಬಿನಲ್ಲಿ.

ಮೂರು ಸಲ ಕಳಿಸಿದೆವು. ಮೂರು ಸಲವೂ ಒಂದೇ ಷರಾದೊಂದಿಗೆ ವಾಪಸು ಬಂತು: ಬಿಳಿ ಗುಂಡಿಯಲ್ಲಿ ಕಂದುಗೆಂಪು ಚುಕ್ಕೆ. ಎಲ್ಲದರಲ್ಲೂ ಅಲ್ಲ, ಲಾಟಿನ ಮೊದಲ ಕೆಲವು ನೂರರಲ್ಲಿ ಮಾತ್ರ. ನಾನು ಪ್ಲಾಸ್ಟಿಕ್ ಕಾಳು ಮಾರುವವನನ್ನು ಬದಲಾಯಿಸಿದೆ. ಕಾಳು ತುಂಬಿಡುವ ಡಬ್ಬದ ಮುಚ್ಚಳದ ತುಕ್ಕು ಉಜ್ಜಿಸಿದೆ. ಮಾವನವರು ಆಸೆಪಟ್ಟು ಹಾಕಿಸಿದ್ದ ರೆಡ್ ಆಕ್ಸೈಡ್ ನೆಲದ ಮೇಲೆ ಅನುಮಾನಪಟ್ಟು ಅದಕ್ಕೆ ಬೂದುಬಣ್ಣ ಬಳಿಸಿದೆ. ಚುಕ್ಕೆ ಹೋಗಲಿಲ್ಲ. ನಾಲ್ಕನೆಯದು ಕೊನೆಯ ಅವಕಾಶ, ಯಜಮಾನರೇ ತೆಗೆದುಕೊಂಡು ಬರಲಿ, ನಮ್ಮ ತರಬೇತಿಯನ್ನೂ ನೋಡಲಿ ಎಂದು ಸಿಂಗಪುರದಿಂದ ಪತ್ರ ಬಂತು. ಈ ಆರ್ಡರ್ ತಪ್ಪಿದರೆ ಎರಡು ಮಷೀನು ನಿಲ್ಲಿಸಿ ಆರು ಜನರನ್ನು ಮನೆಗೆ ಕಳಿಸಬೇಕಿತ್ತು. ಅವರಲ್ಲಿ ಮೊದಲನೆಯ ಮಷೀನಿನ ಪುಟ್ಟಮ್ಮ ಹದಿನೊಂದು ವರ್ಷದಿಂದ ನಮ್ಮಲ್ಲಿದ್ದವಳು. ಆದ್ದರಿಂದ ನಾಲ್ಕನೆಯ ಲಾಟಿಗೆ ಯಾವ ಕೊರತೆಯೂ ಆಗಬಾರದೆಂದು ನಾನೇ ಮುಂದೆ ನಿಂತು ಪೂಜೆ ಮಾಡಿ, ಕಾಯಿ ಒಡೆದು ಶುರು ಮಾಡಿಸಿದೆ. ಬಂದ ಮಾಲನ್ನು ಮನೆಗೆ ಒಯ್ದು, ಅತ್ತೆ, ಗಂಡ, ಮಕ್ಕಳು, ಪಕ್ಕದ ಮನೆಯವರೆಲ್ಲ ಜಮಖಾನದ ಮೇಲೆ ಕೂತು ಅಕ್ಕಿ ಆರಿಸಿದ ಹಾಗೆ ಭೂತಗನ್ನಡಿಯಲ್ಲಿ ಆರಿಸಿ, ಚುಕ್ಕೆಯಿಲ್ಲದ ಐನೂರನ್ನು ಗಂಟು ಕಟ್ಟಿದೆವು.

ಕ್ಲೆಮೆಂಟಿ

ಉಳಿದುಕೊಂಡದ್ದು ಸುಮಿತ್ರಾಳ ಮನೆಯಲ್ಲಿ. ಅವಳು ನನ್ನ ಜೊತೆ ಮಹಾರಾಣಿ ಕಾಲೇಜಿನಲ್ಲಿ ಓದಿದವಳು, ಗಂಡ ಅಲ್ಲಿಯ ಯೂನಿವರ್ಸಿಟಿಯಲ್ಲಿ ಮೇಷ್ಟ್ರು. ಕ್ಲೆಮೆಂಟಿಯ ಸರ್ಕಾರಿ ಫ್ಲ್ಯಾಟುಗಳಲ್ಲಿ ಏಳನೆಯ ಮಹಡಿ. ಅಲ್ಲಿಯ ಲಿಫ್ಟಿಗೆ ಒಂದು ವಿಚಿತ್ರ ಗರ್ವ. ಒಂದು, ಐದು, ಒಂಬತ್ತು, ಹೀಗೆ ತನಗೆ ಇಷ್ಟವಾದ ಮಹಡಿಗಳಲ್ಲಿ ಮಾತ್ರ ನಿಲ್ಲುತ್ತದೆ. ಉಳಿದವರು ಮೆಟ್ಟಿಲು ಹತ್ತಿಯೋ ಇಳಿದೋ ಮನೆ ಸೇರಬೇಕು.

ಮರುದಿನ ಬೆಳಿಗ್ಗೆ ಕೆಳಗೆ ಹೋಗಿ ಬರುತ್ತೇನೆಂದು ಹೊರಟವಳು ವಾಪಸಾಗುವಾಗ ಐದರಲ್ಲಿ ಇಳಿದು, ಎರಡು ಮಹಡಿ ಹತ್ತುವ ಬದಲು ಒಂದೇ ಮಹಡಿ ಹತ್ತಿದೆ. ಅದೇ ಕಾರಿಡಾರು, ಅದೇ ಬಣ್ಣದ ಬಾಗಿಲು, ಕಬ್ಬಿಣದ ಗೇಟು ತೆರೆದೇ ಇತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಸೋಫಾದಲ್ಲಿ ಕೂತು ‘ಸುಮೀ, ಒಂದು ಲೋಟ ನೀರು ಕೊಡೆ’ ಎಂದೆ. ಅಡುಗೆಮನೆಯಿಂದ ಬಂದದ್ದು ಎಂಬತ್ತರ ಚೀನೀ ಅಜ್ಜಿ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಒಳಗೆ ಹೋಗಿ, ಬಾರ್ಲಿ ನೀರು ತಂದುಕೊಟ್ಟರು. ಕುಡಿದೆ. ಇಬ್ಬರಿಗೂ ಗೊತ್ತಿರುವ ಒಂದು ಮಾತೂ ಇರಲಿಲ್ಲ. ಗೋಡೆಯ ಫೋಟೋ ತೋರಿಸಿ ಅದು ಗಂಡ ಎಂದು ಅಭಿನಯಿಸಿದರು, ನಾನು ಕೈಮುಗಿದೆ. ಹೊರಡುವಾಗ ಎರಡು ಕಿತ್ತಳೆ ಹಣ್ಣು ಕೊಟ್ಟರು.

ಸುಮಿತ್ರಾಳ ಏಳು ವರ್ಷದ ಮಗಳು ಅನು ನನ್ನನ್ನು ಮೆಟ್ಟಿಲ ಮೇಲೆ ಹಿಡಿದಳು. ‘ಆಂಟಿ, ನೀವು ರಾಂಗ್ ಹೌಸ್‌ಗೆ ಹೋಗಿದ್ರಾ? ನೆವರ್ ಮೈಂಡ್ ಲಾ. ನಮ್ಮಪ್ಪಾನೂ ಟೂ ಟೈಮ್ಸ್ ಹೋಗಿದಾರೆ.’ ಮಾತಿನ ತುದಿಗೆ ‘ಲಾ’ ಅಂಟಿಸುವುದು ಆ ಊರಿನ ರೂಢಿ.

ಜುರಾಂಗ್

ಕಂಪನಿಯ ಲ್ಯಾಬು ಜುರಾಂಗ್ ಕಡೆ, ಸೋಮವಾರ ಹೋದೆ. ಅದರ ಗುಣಮಟ್ಟ ವಿಭಾಗದ ಮುಖ್ಯಸ್ಥೆ ಮಿಸ್ ಲಿಮ್, ಐವತ್ತರ ಆಸುಪಾಸಿನ ಸಣಕಲು ಹೆಂಗಸು. ಅವರ ಮೇಜಿನ ಮೇಲೆ ಪೆನ್ನುಗಳು ಕೂಡ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಿಂತಂತಿದ್ದವು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ, ಒರಟಾಗಿ ಕಂಡರೆ ತಪ್ಪು ನನ್ನದು.

ನನ್ನ ಗಂಟನ್ನು ತೆಗೆದುಕೊಂಡು, ಒಂದು ಫಾರಂ ಬಿಡಿಸಿ, ‘ಈ ಐನೂರು ಲಾಟಿನ ಶುರುವಿನಿಂದ ಬಂದ ಹಾಗೇ ತೆಗೆದದ್ದೋ, ಆರಿಸಿ ತೆಗೆದದ್ದೋ?’ ಎಂದು ಕೇಳಿದರು.

ಜಮಖಾನದ ಮೇಲೆ ಕೂತ ಅತ್ತೆಯ ಕನ್ನಡಕ ಕಣ್ಣಿಗೆ ಬಂತು. ‘ಬಂದ ಹಾಗೇ’ ಎಂದೆ. ಅವರು ಬರೆದುಕೊಂಡರು. ಫಲಿತಾಂಶ ಗುರುವಾರ ಎಂದರು.

ಆ ದಿನವೂ ಮಂಗಳವಾರವೂ ತರಬೇತಿ. ತಣ್ಣನೆಯ ಕೋಣೆಯಲ್ಲಿ ಪರದೆಯ ಮೇಲೆ ಬಾಣಗಳು, ಚೌಕಗಳು, ಮತ್ತೆ ಬಾಣಗಳು. ನನ್ನ ಜೊತೆ ಇನ್ನೂ ಮೂರು ದೇಶದ ಸಣ್ಣ ಕಾರ್ಖಾನೆಯವರಿದ್ದರು. ಮಧ್ಯಾಹ್ನದ ಊಟವಾದ ಮೇಲೆ ನಾಲ್ಕು ದೇಶದವರೂ ಭೇದಭಾವವಿಲ್ಲದೆ ತೂಕಡಿಸಿದೆವು. ಕಾರ್ಖಾನೆಯೊಳಗೆ ಕರೆದೊಯ್ದಾಗ ಮಾತ್ರ ನನಗೆ ಹುಚ್ಚು ಹಿಡಿದ ಹಾಗಾಯಿತು. ಅಷ್ಟೊಂದು ಮಷೀನು, ಅಷ್ಟೊಂದು ಬೆಳಕು, ನೆಲದಲ್ಲಿ ಒಂದು ಕಾಳು ಬಿದ್ದಿಲ್ಲ. ತವರಿಗೆ ಬಂದ ಹೆಣ್ಣುಮಗಳಂತೆ ಪ್ರತಿಯೊಂದನ್ನೂ ಮುಟ್ಟಿ ನೋಡುವ ಆಸೆ. ಮುಟ್ಟುವಂತಿರಲಿಲ್ಲ, ಗಾಜಿನಾಚೆಯಿಂದ ನೋಡಬೇಕಿತ್ತು.

‘ಇಲ್ಲಿ ನೋಡಿದ್ದರಿಂದ ನಿಮ್ಮ ಚುಕ್ಕೆ ಹೋಗುವುದಿಲ್ಲ’ ಎಂದರು ಮಿಸ್ ಲಿಮ್, ನನ್ನ ಮೂಗು ಗಾಜಿಗೆ ಒತ್ತಿದ್ದನ್ನು ಕಂಡು. ‘ನಾಳೆ ಬೆಡೋಕಿಗೆ ಹೋಗಿ, ಮಿಸ್ಟರ್ ಗೋ ಅವರನ್ನು ನೋಡಿ. ಹದಿನೈದು ವರ್ಷ ಇದೇ ಫ್ಲೋರಿನಲ್ಲಿ ಕೆಲಸ ಮಾಡಿದವರು. ಈಗ ಸ್ವಂತ ಕಾರ್ಖಾನೆ ಇಟ್ಟು ನಮಗೇ ಮಾಲು ಕೊಡುತ್ತಾರೆ.’

‘ನೀವೇ ಕಲಿಸಿ, ಅವರು ಬಿಟ್ಟುಹೋದಾಗ ಸಿಟ್ಟು ಬರಲಿಲ್ಲವೇ?’

‘ಎಲ್ಲರೂ ಇಲ್ಲೇ ಇದ್ದಿದ್ದರೆ ನಮಗೆ ಗುಂಡಿ ಮಾಡಿಕೊಡುವವರು ಯಾರು?’

ಇದು ನನಗೆ ಅರ್ಥವಾಗಲು ಬಹಳ ಹೊತ್ತು ಬೇಕಾಯಿತು. ಮೇಟಗಳ್ಳಿಯಲ್ಲಿ ನಾವು ಪಕ್ಕದ ಶೆಡ್ಡಿನವರು ಇಣುಕದಂತೆ ಕಿಟಕಿಗೆ ಗೋಣಿತಾಟು ಕಟ್ಟುವವರು. ಕೆಲಸದವರಿಗೂ ಅಚ್ಚು ಕೂಡಿಸುವುದನ್ನು ಅರ್ಧ ಹೇಳಿಕೊಟ್ಟು ಇನ್ನರ್ಧವನ್ನು ಸೆರಗಿನಲ್ಲಿ ಇಟ್ಟುಕೊಳ್ಳುತ್ತೇವೆ. ಪೂರ್ತಿ ಕಲಿತರೆ ಹಾರಿಹೋಗುತ್ತಾರೆ ಎಂಬ ಭಯ. ನಾನೂ ಪುಟ್ಟಮ್ಮನಿಗೆ ಅರ್ಧವೇ ಕಲಿಸಿದ್ದೆ. ಆ ಇನ್ನರ್ಧವೇನೂ ನನಗೇ ಸರಿಯಾಗಿ ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಬೆಡೋಕ್

ಕ್ಲೆಮೆಂಟಿಯಿಂದ ಬೆಡೋಕಿಗೆ ಎಂಆರ್‌ಟಿ ರೈಲಿನಲ್ಲಿ ಊರಿನ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೋದಂತೆ. ಮುಕ್ಕಾಲು ಗಂಟೆಯ ಹಾದಿಯಲ್ಲಿ ಒಬ್ಬರೂ ನನ್ನನ್ನು ಯಾವೂರು, ಎಷ್ಟು ಮಕ್ಕಳು ಎಂದು ಕೇಳಲಿಲ್ಲ. ಕೊನೆಗೆ ನಾನೇ, ನನಗೆ ಎರಡು ಮಕ್ಕಳು ಎಂದು ಪಕ್ಕದ ಹೆಂಗಸಿಗೆ ಹೇಳಿಕೊಂಡೆ.

ಮಿಸ್ಟರ್ ಗೋ ನನ್ನನ್ನು ಭೇಟಿಯಾದದ್ದು ಹಾಕರ್ ಸೆಂಟರಿನಲ್ಲಿ, ಅಂದರೆ ಒಂದೇ ಸೂರಿನಡಿ ನೂರು ತಿಂಡಿ ಅಂಗಡಿ. ಅವರು ಕಾಫಿ ತರಲು ಹೋದಾಗ ನಾನು ಜಾಗ ಹುಡುಕಿದೆ. ಒಂದು ಖಾಲಿ ಮೇಜಿನ ಮೇಲೆ ಕೈ ಒರೆಸುವ ಕಾಗದದ ಪುಟ್ಟ ಪೊಟ್ಟಣ ಇತ್ತು. ಎಂಥ ಅಚ್ಚುಕಟ್ಟು, ಬಂದವರಿಗೆಂದೇ ಇಟ್ಟಿದ್ದಾರೆ ಎಂದು ಮೆಚ್ಚಿ, ಅದನ್ನು ಹರಿದು ಮುಖ ಒರೆಸಿ, ಮೇಜು ಒರೆಸಿ, ಕನ್ನಡಕವನ್ನೂ ಒರೆಸಿದೆ. ಟ್ರೇ ಹಿಡಿದ ಗಂಡಸೊಬ್ಬ ಬಂದು ಮೇಜಿನ ಪಕ್ಕ ನಿಂತ. ಖಾಲಿ ಪೊಟ್ಟಣವನ್ನೇ ನೋಡುತ್ತಿದ್ದ.

ಗೋ ಬಂದು ಅವನಲ್ಲಿ ಕ್ಷಮೆ ಕೇಳಿ ನನ್ನನ್ನು ಎಬ್ಬಿಸಿದರು. ಪೊಟ್ಟಣ ಇಟ್ಟರೆ ಆ ಜಾಗ ಹಿಡಿದಾಗಿದೆ ಎಂದರ್ಥವಂತೆ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದಿಲ್ಲವೇ, ಅದೇ. ನಾನು ಅವನ ಟವೆಲ್ಲಿನಲ್ಲೇ ಮುಖ ಒರೆಸಿಕೊಂಡಿದ್ದೆ. ಈ ಊರಿನವರೂ ನಮ್ಮ ಕುಲದವರೇ ಎಂದು ಮೊದಲ ಸಲ ಅನ್ನಿಸಿ ನನಗೆ ತಡೆಯಲಾರದ ಖುಷಿಯಾಯಿತು.

ಗೋ ಅವರ ಕಾರ್ಖಾನೆ ಒಂದು ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ. ಅಲ್ಲಿ ಮನೆಗಳಂತೆ ಕಾರ್ಖಾನೆಗಳನ್ನೂ ಒಂದರ ಮೇಲೊಂದು ಪೇರಿಸಿದ್ದಾರೆ. ನಮ್ಮಂತೆಯೇ ಮೂರು ಮಷೀನು. ಕಾರಿಡಾರಿನಲ್ಲಿ, ಬಾಗಿಲಿನಿಂದ ಹೊರಗೆ, ಗೋಡೆಗೆ ಹೊಂದಿಸಿದ ಒಂದು ಕೆಂಪು ಗೂಡು. ಅದರಲ್ಲಿ ಗಡ್ಡದ ದೇವರು, ಮೂರು ಕಿತ್ತಳೆ, ಚಿಕ್ಕ ಬಟ್ಟಲಲ್ಲಿ ಚಹಾ. ಆ ದಿನ ಹೊಸ ಅಚ್ಚು ಶುರು ಮಾಡುವುದಿತ್ತು. ಗೋ ಊದಿನಕಡ್ಡಿ ಹಚ್ಚಿ, ಮೂರು ಸಲ ಬಗ್ಗಿ, ಸಿಕ್ಕಿಸಿದರು. ಆಮೇಲೆ ಕೈ ತೊಳೆದರು. ಆಮೇಲೆ ಗಾಳಿ ಊದುವ ನಳಿಗೆ ಹಿಡಿದು ತಮ್ಮ ಅಂಗಿ, ತೋಳು, ತಲೆಗೂದಲಿಗೆಲ್ಲ ಊದಿಕೊಂಡು ಒಳಗೆ ಕಾಲಿಟ್ಟರು. ನನಗೂ ಊದಿದರು. ಸೆರಗು ಹಾರಿ ದೇವರ ಚಹಾದಲ್ಲಿ ಬಿತ್ತು.

ಒಳಗೆ ಅವರು ಎಲ್ಲವನ್ನೂ ತೋರಿಸಿದರು. ಎಷ್ಟು ಬಿಸಿ, ಎಷ್ಟು ಹೊತ್ತು, ಅಚ್ಚನ್ನು ಯಾವುದರಲ್ಲಿ ಒರೆಸಬೇಕು, ಯಾವುದರಲ್ಲಿ ಒರೆಸಬಾರದು. ಗೋಣಿತಾಟು ಎಲ್ಲೂ ಇರಲಿಲ್ಲ. ನಾನು ನಾಳೆ ನಿಮ್ಮ ಆರ್ಡರನ್ನೇ ಕಿತ್ತುಕೊಂಡರೆ ಎಂದು ಕೇಳಿಯೂ ಬಿಟ್ಟೆ. ‘ನಂಗೂ ಯಾರೋ ತೋರಿಸಿದ್ರು ಲಾ’ ಎಂದಷ್ಟೇ ಹೇಳಿದರು.

ಚುಕ್ಕೆಯ ಕಥೆ ಹೇಳಿದೆ. ನೆಲಕ್ಕೆ ಬೂದುಬಣ್ಣ ಬಳಿಸಿದ್ದನ್ನೂ ಹೇಳಿದೆ.

‘ಮಿಸೆಸ್ ಶಾರದಾ, ನಿಮ್ಮ ಫ್ಯಾಕ್ಟರಿಯಲ್ಲಿ ದೇವರಿಗೆ ಪ್ರೇ ಮಾಡೋದು ಇದ್ಯಾ?’

‘ಇಲ್ಲದೆ ಏನು?’ ನನಗೆ ಹೆಮ್ಮೆ. ‘ಪ್ರತಿ ಹೊಸ ಲಾಟಿಗೂ ಪೂಜೆ.’

‘ಎಲ್ಲಿ ಮಾಡ್ತೀರಿ?’

‘ಮಷೀನಿಗೇ.’

‘ಮಷೀನಲ್ಲಿ ಎಲ್ಲಿ? ತೋರ್ಸಿ ಲಾ.’

ನಾನು ಅವರ ಮಷೀನಿನ ಪಕ್ಕದ ಮೆಟ್ಟಿಲು ಹತ್ತಿದೆ. ಮೇಲೆ ಪ್ಲಾಸ್ಟಿಕ್ ಕಾಳು ಸುರಿಯುವ ದೊಡ್ಡ ಬಾಯಿ, ನಾವು ಹಾಪರ್ ಎನ್ನುತ್ತೇವೆ. ಪುಟ್ಟಮ್ಮ ಮಾಡುವ ಹಾಗೆಯೇ ಎಡಗೈಯಲ್ಲಿ ಇಲ್ಲದ ಬಟ್ಟಲನ್ನು ಹಿಡಿದೆ. ಬಲಗೈಯ ಉಂಗುರ ಬೆರಳಿನಿಂದ ಹಾಪರಿನ ಅಂಚಿಗೆ ಮೊದಲು ಅರಿಶಿನ. ಆಮೇಲೆ ಅದರ ಮೇಲೆ ಧಾರಾಳವಾಗಿ ಕುಂಕುಮ, ಮೂರು ಕಡೆ. ಆಮೇಲೆ ಬೆರಳಿಗೆ ಉಳಿದದ್ದನ್ನು ಕೊಡವಬೇಕು. ಕೊಡವಲು ಬೆರಳು ಎತ್ತಿದೆ. ಕೈ ಹಾಪರಿನ ನಟ್ಟನಡುವೆ ಗಾಳಿಯಲ್ಲಿ ನಿಂತಿತು. ಕೆಳಗೆ ಹಾಲಿನಷ್ಟು ಬಿಳಿಯ ಕಾಳು.

ನಾನು ಅಲ್ಲಿಯೇ ನಿಂತುಬಿಟ್ಟೆ.

ಮೊದಲ ಲಾಟಿಗೆ ಸ್ವಲ್ಪ ಕುಂಕುಮ, ಸ್ವಲ್ಪ ಚುಕ್ಕೆ. ಅದು ರಿಜೆಕ್ಟ್ ಆಯಿತೆಂದು ಎರಡನೆಯದಕ್ಕೆ ಇನ್ನಷ್ಟು ಭಕ್ತಿ, ಇನ್ನಷ್ಟು ಚುಕ್ಕೆ. ಮೂರನೆಯದಕ್ಕೆ ಪುಟ್ಟಮ್ಮ ಚಾಮುಂಡಿ ಬೆಟ್ಟದಿಂದ ಬೇರೆ ಕುಂಕುಮ ತಂದಿದ್ದಳು. ನಾಲ್ಕನೆಯದಕ್ಕೆ ಅವಳ ಕೈಯಿಂದ ಬಟ್ಟಲು ಕಿತ್ತುಕೊಂಡು ನಾನೇ ಹಚ್ಚಿದ್ದೆ. ಅದಕ್ಕೇ ಅಲ್ಲವೇ ಜಮಖಾನದ ಮೇಲೆ ಆ ಪಾಟಿ ಗುಂಡಿ ಆರಿಸಬೇಕಾಗಿ ಬಂದದ್ದು. ನಗು ಹೊಟ್ಟೆಯಿಂದ ಎದ್ದು ಬಂತು. ಮೆಟ್ಟಿಲ ಮೇಲೆಯೇ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಗೋ ಅವರ ಕೆಲಸದವರು ಬಂದು ನೋಡಿದರು. ಗೋ ಒಂದು ಸ್ಟೂಲು ತಂದು ನನ್ನನ್ನು ಜೋಪಾನವಾಗಿ ಅದಕ್ಕೆ ವರ್ಗಾಯಿಸಿದರು.

‘ನಂದು ಊದಿನಕಡ್ಡಿ ಬೂದಿ’ ಎಂದರು. ‘ಕಂಪನೀಲಿ ಇದ್ದಾಗ ಮಷೀನ್ ಮೇಲೇ ಸಿಕ್ಕಿಸ್ತಿದ್ದೆ. ಕಪ್ಪು ಚುಕ್ಕೆ ಬಂತು. ಯೂರೋಪಿನ ಬಾಸ್‌ಗೆ ಮೊದಲನೇ ದಿನಾನೇ ಗೊತ್ತಾಗಿದೆ. ಹೇಳಲಿಲ್ಲ ಲಾ. ಮೂರು ದಿನ ನನ್ನ ಕೈಲೇ ಹುಡುಕ್ಸಿದ. ಸಿಕ್ಕ ಮೇಲೆ, ದೇವರನ್ನ ಬಿಡು ಅನ್ನಲಿಲ್ಲ. ಬಾಗಿಲಾಚೆ ಇಡು ಅಂದ.’

ಹೀಗೆ ಸಾವಿರಾರು ಮೈಲಿ ದಾಟಿ ಬಂದು ನಾನು ಕಲಿತ ವಿದೇಶಿ ತಂತ್ರಜ್ಞಾನ ಇದು. ಪರದೆಯ ಮೇಲಿನ ಯಾವ ಬಾಣವೂ ಇದನ್ನು ಹೇಳಿರಲಿಲ್ಲ.

ಮತ್ತೆ ಕ್ಲೆಮೆಂಟಿ

ರೈಲಿನಲ್ಲಿ ಬರುತ್ತಾ ನಗು ಇಳಿಯಿತು. ಲ್ಯಾಬಿನಲ್ಲಿರುವ ಐನೂರು ಆರಿಸಿದ ಗುಂಡಿಗಳು ಬಹುಶಃ ಪಾಸಾಗುತ್ತವೆ. ಆದರೆ ಮೂರು ಸಲ ರಿಜೆಕ್ಟ್ ಆದದ್ದಕ್ಕೆ ಕಾರಣ ಏನೆಂದು ಬರೆದುಕೊಡದೆ ಆರ್ಡರ್ ಸಿಗುವುದಿಲ್ಲ ಎಂದು ಮಿಸ್ ಲಿಮ್ ಮೊದಲೇ ಹೇಳಿದ್ದರು.

‘ಹುಚ್ಚಿ ಹಾಗೆ ಕುಂಕುಮ ಗಿಂಕುಮ ಅಂತ ಬರೀಬೇಡ ಕಣೆ’ ಎಂದಳು ಸುಮಿತ್ರಾ, ಚಪಾತಿ ಲಟ್ಟಿಸುತ್ತಾ. ‘ಇಂಡಿಯಾದವ್ರು ಇಷ್ಟೇ ಅಂತ ಆಫೀಸೆಲ್ಲಾ ನಗುತ್ತೆ. ರಾ ಮೆಟೀರಿಯಲ್ ಸಪ್ಲೈಯರ್ ಚೇಂಜ್ ಮಾಡಿದ್ವಿ, ಪ್ರಾಬ್ಲಂ ಸಾಲ್ವ್ ಆಯ್ತು ಅಂತ ಬರಿ. ಸುಳ್ಳೇನೂ ಅಲ್ವಲ್ಲ, ಚೇಂಜ್ ಮಾಡಿದೀಯ ತಾನೆ?’

‘ಆರಿಸಿಲ್ಲ ಅಂತ ಬೇರೆ ಹೇಳಿಬಿಟ್ಟಿದೀನಿ.’

‘ಹಂಗಾದ್ರೆ ಬಾಯೇ ಬಿಡಬೇಡ. ಆರ್ಡರ್ ಕ್ಯಾನ್ಸಲ್ ಆಗುತ್ತೆ. ಊರಿಗೆ ಹೋಗಿ ಆರು ಜನಕ್ಕೆ ಏನ್ ಹೇಳ್ತೀಯ?’

ಅವಳ ಮಾತಿನಲ್ಲಿ ಹುರುಳಿತ್ತು. ಆರು ಜನರ ಮುಖ ಒಂದೊಂದಾಗಿ ಬಂತು. ಹೋಂವರ್ಕ್ ಮಾಡುತ್ತಿದ್ದ ಅನು ತಲೆ ಎತ್ತದೆ, ‘ಆಂಟಿ, ಟ್ರುತ್ ಹೇಳಿದ್ರೆ ಟೀಚರ್ ಸ್ಕೋಲ್ಡ್ ಮಾಡಲ್ಲ ಲಾ’ ಎಂದಳು. ಒಂದು ಗಳಿಗೆ ಯೋಚಿಸಿ, ‘ಸ್ವಲ್ಪ ಮಾಡ್ತಾರೆ’ ಎಂದು ತಿದ್ದಿದಳು.

ಮತ್ತೆ ಜುರಾಂಗ್

ಗುರುವಾರ ಮಿಸ್ ಲಿಮ್ ನಗುನಗುತ್ತಾ ಬಂದರು. ‘ಐನೂರರಲ್ಲಿ ಐನೂರೂ ಪಾಸು. ಈ ಹಾಳೆ ತುಂಬಿಸಿ, ಸಹಿ ಮಾಡೋಣ.’

ಹಾಳೆಯಲ್ಲಿ ಐದು ಗೆರೆ. ಪ್ರತಿ ಗೆರೆಯ ಮುಂದೆ ಒಂದೇ ಪ್ರಶ್ನೆ: ಯಾಕೆ? ಮೊದಲನೆಯದಕ್ಕೆ ಉತ್ತರ ಬರೆದರೆ, ಆ ಉತ್ತರವನ್ನೇ ಹಿಡಿದು ಮತ್ತೆ ಯಾಕೆ, ಹೀಗೆ ಐದು ಸಲ. ನಮ್ಮ ಊರಲ್ಲಿ ಹೆಣ್ಣು ನೋಡಲು ಬಂದವರು ಕೇಳುವ ಪದ್ಧತಿಯೇ, ಆದರೆ ಅದನ್ನು ಅಚ್ಚು ಹಾಕಿಸಿ ಇಟ್ಟಿದ್ದರು.

ಪೆನ್ನು ಎತ್ತಿದೆ. ಸಪ್ಲೈಯರ್ ಎಂದು ಬರೆಯಲೆಂದೇ ಎತ್ತಿದ್ದು. ಅದನ್ನು ಬರೆದರೆ ಮುಂದಿನ ಯಾಕೆಗೆ ಇನ್ನೊಂದು ಸುಳ್ಳು, ಅದರ ಮುಂದಿನದಕ್ಕೆ ಮತ್ತೊಂದು. ಐದು ಸುಳ್ಳನ್ನು ಒಂದಕ್ಕೊಂದು ಹೊಂದಿಸುವಷ್ಟು ಬುದ್ಧಿ ನನಗಿಲ್ಲ. ಮೂರು ದಿನ ಬೂದಿ ಹುಡುಕಿದ ಗೋ ಅವರ ಮುಖವೂ ನೆನಪಾಯಿತು. ಚುಕ್ಕೆ ಬಂದದ್ದು ಕಾಳಿನಲ್ಲಿ ಕುಂಕುಮ ಬಿದ್ದದ್ದರಿಂದ ಎಂದು ಬರೆದೆ. ಬಿದ್ದದ್ದು ಹಾಪರಿನ ಅಂಚಿಗೆ ಹಚ್ಚಿದ್ದರಿಂದ. ಹಚ್ಚಿದ್ದು ಲಾಟು ಕೆಡದಿರಲಿ ಎಂದು. ಅಷ್ಟು ಭಯ ಯಾಕೆಂದರೆ, ಯಾವ ಲಾಟು ಯಾಕೆ ಕೆಡುತ್ತದೆಂದು ನಮಗೆ ತಿಳಿಯುವುದಿಲ್ಲ. ಐದನೆಯ ಗೆರೆಯ ಮುಂದೆ ಪೆನ್ನು ಬಹಳ ಹೊತ್ತು ನಿಂತಿತ್ತು. ಕೊನೆಗೆ ಬರೆದೆ: ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಐನೂರನ್ನು ಆರಿಸಿ ತಂದಿದ್ದೇನೆ, ಸೋಮವಾರ ಹೇಳಿದ್ದು ಸುಳ್ಳು ಎಂದು ಸೇರಿಸಿದೆ. ಮುಂದೇನು ಮಾಡುತ್ತೀರಿ ಎಂಬ ಚೌಕದಲ್ಲಿ, ಪೂಜೆ ನಿಲ್ಲಿಸಲಾಗುವುದು ಎಂದು ಬರೆದು ಹಾಳೆ ತಳ್ಳಿದೆ.

ಮಿಸ್ ಲಿಮ್ ಓದಿದರು. ಕುಂಕುಮ ಎಂದರೇನೆಂದು ಕೇಳಿದರು. ನಾನು ಹಣೆ ಮುಟ್ಟಿ ತೋರಿಸಿದೆ. ಅವರು ಎದ್ದು ಬಂದು ನನ್ನ ಹಣೆಯನ್ನು ಹತ್ತಿರದಿಂದ ಪರೀಕ್ಷಿಸಿದರು. ಕುರ್ಚಿಗೆ ಮರಳಿ, ಕೆಂಪು ಪೆನ್ನು ತೆಗೆದು, ಪಾಸು ಎಂಬುದರ ಮೇಲೆ ಅಡ್ಡಗೆರೆ ಎಳೆದರು.

‘ಈ ಐನೂರು ಲೆಕ್ಕಕ್ಕಿಲ್ಲ.’

ನನಗೆ ಅನುವಿನ ಮೇಲೆ ಸಿಟ್ಟು ಬಂತು.

‘ಇಲ್ಲಿ ನೂರಾರು ಹಾಳೆ ಓದಿದ್ದೇನೆ’ ಎಂದರು ಅವರು ಐದನೆಯ ಗೆರೆಯ ಮೇಲೆ ಬೆರಳಿಟ್ಟು. ‘ಈ ಜಾಗದಲ್ಲಿ ಎಲ್ಲರೂ ಕೆಲಸದವರ ಅಜಾಗರೂಕತೆ ಎಂದು ಬರೆಯುತ್ತಾರೆ. ಇದು ನಿಮ್ಮ ತಪ್ಪಷ್ಟೇ ಅಲ್ಲ. ನಿಮಗೆ ಮೂರು ಸಲ ರಿಜೆಕ್ಟ್ ಎಂದು ಬರೆದು ಕಳಿಸಿದವಳು ನಾನು. ಒಂದು ಸಲವೂ ಯಾಕೆಂದು ಹುಡುಕುವುದನ್ನು ಕಲಿಸಲಿಲ್ಲ.’

ಅವರು ನನ್ನ ಚೌಕದಲ್ಲಿದ್ದ ವಾಕ್ಯ ಹೊಡೆದುಹಾಕಿ ತಾವೇ ಬರೆದರು: ಪೂಜೆ ಬಾಗಿಲಿನ ಹೊರಗೆ. ಆರು ವಾರದ ಕಾಲಾವಕಾಶ. ಮಷೀನ್ ನಡೆಸುವ ಒಬ್ಬರಿಗೆ ಇಲ್ಲಿ ಎರಡು ವಾರ, ಮಿಸ್ಟರ್ ಗೋ ಅವರಲ್ಲಿ ಒಂದು ವಾರ ತರಬೇತಿ. ಆಮೇಲೆ ಐದನೆಯ ಲಾಟು, ಶುರುವಿನಿಂದ ಬಂದ ಹಾಗೇ. ‘ಯಾರ ಹೆಸರು ಬರೆಯಲಿ?’

ಪೂರ್ತಿ ಕಲಿತು ಬರುವವರು. ನನ್ನ ಮೈದುನನ ಹೆಸರು ನಾಲಿಗೆಯ ತುದಿಗೆ ಬಂತು. ಅವನು ಮಷೀನು ಮುಟ್ಟಿದವನಲ್ಲ, ಆದರೆ ಎಲ್ಲಿಗೂ ಹಾರಿಹೋಗುವವನೂ ಅಲ್ಲ. ಮನೆಗೆ ಒಂದು ಫೋನು ಮಾಡಬಹುದೇ ಎಂದೆ. ಅವರು ಫೋನನ್ನು ನನ್ನ ಕಡೆ ತಿರುಗಿಸಿದರು.

ಶೆಡ್ಡಿನ ಫೋನು ಎತ್ತಿದ್ದು ಪುಟ್ಟಮ್ಮನೇ. ಹಿಂದೆ ಮಷೀನಿನ ಸದ್ದು. ‘ಪಾಸಾಯ್ತಾ ಅಮ್ಮಾವ್ರೆ?’

‘ಚುಕ್ಕೆ ಎಲ್ಲಿಂದ ಬರ್ತಿತ್ತು ಅಂತ ಗೊತ್ತಾಯ್ತು ಪುಟ್ಟಮ್ಮ. ನಾವು ಹಚ್ಚೋ ಕುಂಕುಮದಿಂದ.’

‘ಮೂರ್ ಸಲಾನೂ ನನ್ನಿಂದ್ಲೇ ಆಯ್ತಾ?’ ಎಂದಳು ಬಹಳ ಸಣ್ಣ ದನಿಯಲ್ಲಿ.

‘ನಾಲ್ಕನೇದು ನನ್ನಿಂದ. ನಿನಗಿಂತ ಜಾಸ್ತಿ ಹಚ್ಚಿದೀನಿ. ಕೇಳಿಲ್ಲಿ, ಮಷೀನ್ ನಡೆಸೋರನ್ನ ಇಲ್ಲಿಗೆ ಕರೆಸ್ತಾರಂತೆ.’

‘ಯಾಕೆ, ಬಯ್ಯಕ್ಕಾ?’

‘ಕಲಿಸೋಕೆ. ಮೂರು ವಾರ.’ ಗೋ ಅವರ ವಿಷಯ ಹೇಳಿದೆ. ನಮ್ಮ ಹಾಗೇ ಮೂರು ಮಷೀನು, ದೊಡ್ಡ ಕಂಪನಿಯಲ್ಲಿ ಕಲಿತು ಹೊರಗೆ ಬಂದವರು, ಈಗ ಆ ಕಂಪನಿಗೇ ಮಾಲು ಕೊಡುತ್ತಾರೆ ಎಂದೆಲ್ಲ. ಅವಳು ಹೂಂ ಹೂಂ ಎಂದು ಕೇಳಿದಳು.

‘ನಾನೂ ಹಂಗೇ ಕಲ್ತ್ಬುಟ್ಟು ಸ್ವಂತಕ್ಕೆ ಹೊಂಟೋದ್ರೆ ಏನ್ ಮಾಡೀರಿ ಅಮ್ಮಾವ್ರೆ?’

ನನ್ನ ಭಯವನ್ನು ಅವಳೇ ತೆಗೆದು ನನ್ನ ಮುಂದಿಟ್ಟಿದ್ದಳು. ಮಿಸ್ ಲಿಮ್ ಪೆನ್ನು ಹಿಡಿದು ಕಾಯುತ್ತಿದ್ದರು. ಹದಿನೊಂದು ವರ್ಷ ಅರ್ಧ ಕಲಿಸಿ ಕೂರಿಸಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು, ಅದರ ಜೊತೆಗೇ ಏನೋ ಹಗುರವೂ ಆಯಿತು.

‘ಹೋಗು’ ಎಂದೆ. ‘ನಿನ್ನ ಹತ್ರಾನೇ ಮಾಲು ತಗೋತೀನಿ.’

ನಾನು ಹಾಳೆಯನ್ನು ಎಳೆದುಕೊಂಡು ಅವಳ ಹೆಸರು ಬರೆಯತೊಡಗಿದೆ.

‘ಆಮ್ಯಾಕೆ ಚೌಕಾಸಿ ಮಾಡಂಗಿಲ್ಲ ಮತ್ತೆ’ ಎಂದಳು ಪುಟ್ಟಮ್ಮ.